ಮಾವಿನ ಅಟ್ಟಿ

ಲೈನಿನವರು ಬಂದರು, ತಂತಿಗೆ ತಾಗುವ ಗೇರಿನ ಕೊಂಬೆಗಳನ್ನು ಕಡಿದರು,
ಬಿದ್ದಲ್ಲೇ ಬಿಟ್ಟು ಹೋದರು.
ಅಲ್ಲಿಂದ ಹಿತ್ತಿಲ ಮಾಡಿನಡಿಗೆ ನೂರಾ ಹತ್ತು ಹೆಜ್ಜೆ.
ಎಣಿಸಿದ್ದೇನೆ. ತಲೆಯ ಮೇಲೆ ಭಾರ ಇದ್ದಾಗ
ತಲೆಯೊಳಗೆ ಬೇರೇನೂ ನಿಲ್ಲುವುದಿಲ್ಲ.

ಪೈವಳಿಕೆಯ ಪದವು ಅಂದರೆ ಹೀಗೆ:
ಮುರಕಲ್ಲಿನ ಬೋಳು ಬೆನ್ನು, ಅಲ್ಲಲ್ಲಿ ಮೊಣಕಾಲುದ್ದ ಹೊಂಡ,
ಯಾರೋ ಯಾವಾಗಲೋ ಮನೆ ಕಟ್ಟಲಿಕ್ಕೆ ಕಲ್ಲು ತೆಗೆದು ಮರೆತದ್ದು.
ಕೈಗಾಡಿಯ ಒಂಟಿ ಚಕ್ರ ಮೂರು ಸಲ ಮಗುಚಿತು.
ನಾಲ್ಕನೆಯ ಸಲ ಅದನ್ನು ಬಾವಿಕಟ್ಟೆಗೆ ಒರಗಿಸಿ
ಹಳೇ ಲುಂಗಿಯ ಸಿಂಬಿ ಸುತ್ತಿ ತಲೆಗೇ ಹೊತ್ತೆ.
ಕಂದು ಸೊನೆ ಕುಪ್ಪಸಕ್ಕೆ ಇಳಿಯಿತು.
ಆ ಕಲೆ ಇನ್ನು ಕುಪ್ಪಸದ ಜೊತೆಗೇ ಹೋಗುವುದು.

ಕುಞಂಬು ಇದನ್ನು ವಿರಗು ಎನ್ನುತ್ತಾನೆ,
ಅತ್ತೆ ಕಣಕು, ನಾನು ಕಟ್ಟಿಗೆ.
ಸಿಬಿರು ಹೊಕ್ಕಾಗ ಮಾತ್ರ
ಮೂವರದ್ದೂ ಒಂದೇ ಅಯ್ಯಮ್ಮಾ.

ಅತ್ತೆಗೆ ಎಂಬತ್ತಮೂರು. ಜಗಲಿಯ ತುದಿಯಲ್ಲಿ ಕೂತು
ಊರುಗೋಲಿನಲ್ಲೇ ಮೇಸ್ತ್ರಿ ಕೆಲಸ:
ದಪ್ಪದ್ದು ಬುಡಕ್ಕೆ. ಸಿಪ್ಪೆ ಮೇಲಾಗಲಿ.
ತುದಿಗೆ ಉದ್ದ ಎರಡು, ಅಡ್ಡ ಎರಡು, ಇಲ್ಲದಿದ್ದರೆ
ನಡುರಾತ್ರಿ ಜಾರುತ್ತದೆ, ನಾನು ಕಳ್ಳ ಅಂತ ಎದ್ದು ಕೂರಬೇಕು.
ಮುಂಗುಸಿ ನುಗ್ಗುವಷ್ಟು ಸಂದು ಬಿಡು ಮಾರಾಯ್ತಿ,
ಹಾವು ಹೇಗೂ ಕೇಳದೆಯೇ ಬರುತ್ತದೆ.

ಮಾಡಿನ ಆ ಕೊನೆಯಲ್ಲಿ ಇನ್ನೊಂದು ಅಟ್ಟಿ.
ಮಾವಿನದು. ಮೂರು ವರ್ಷದ ಹಿಂದೆ ಬಿದ್ದ ಮರ,
ಸೀಳಿ, ಒಣಗಿಸಿ, ತಗಡು ಹೊದೆಸಿ ಇಟ್ಟದ್ದು.
ಅದರ ಒಂದು ಚೂರನ್ನೂ ಬಚ್ಚಲ ಒಲೆಗೆ ಹಾಕಿಲ್ಲ.
ಯಾಕೆ ಅಂತ ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ,
ಮಕ್ಕಳೂ ಕೇಳುವುದಿಲ್ಲ.
ಅತ್ತೆ ಮಾತ್ರ ವರ್ಷಕ್ಕೊಮ್ಮೆ ತಗಡು ಸರಿಸಿ
ಗೆದ್ದಲು ಹಿಡಿದಿದೆಯಾ ಅಂತ ನೋಡುತ್ತಾರೆ,
ಪೆಟ್ಟಿಗೆಯ ಸೀರೆಯ ಮಡಿಕೆ ಬಿಡಿಸಿದ ಹಾಗೆ.

ಕೊನೆಯ ಹೊರೆ ಇಳಿಸುವಾಗ ಬೇಲಿಯಾಚೆ ಅಂದುಂಞಿ ಕೆಮ್ಮಿದ.
ಆದಿತ್ಯವಾರ ನಫೀಸಳ ಮದುವೆ, ಆರು ಹಂಡೆ ಬಿರಿಯಾನಿ.
ತರಿಸಿದ ರಬ್ಬರ್ ಕಟ್ಟಿಗೆ ಲಾರಿಯಲ್ಲೇ ನೆನೆದು ಬಂದಿದೆ,
ಅಡುಗೆಯವನು ಮುಖ ಊದಿಸಿದ್ದಾನೆ.
ಗೇರು ಉಂಟಲ್ಲ, ಎಂದೆ.
ಹಸಿ ಅಕ್ಕ, ಅನ್ನಕ್ಕೆ ಹೊಗೆ ಹಿಡಿಯುತ್ತದೆ, ಎಂದ.
ಅವನ ಕಣ್ಣು ಆ ಕೊನೆಯ ತಗಡಿನವರೆಗೆ ಹೋಯಿತು,
ಕೂಡಲೇ ತನ್ನ ಚಪ್ಪಲಿಗೆ ಬಂತು.
ಅವನಿಗೂ ಗೊತ್ತು.

ನಾನು ಬಾಯಿ ತೆರೆಯುವ ಮೊದಲು
ಜಗಲಿಯ ಮೇಲೆ ಕೋಲು ಕುಟ್ಟಿತು.
ಕೊಂಡುಹೋಗು. ನನಗೆಂತ ಅವಸರ?

ಕತ್ತಲಾಗುವವರೆಗೆ ಸಾಗಿಸಿದೆವು.
ಒಣಗಿದ ಮಾವು ಎಷ್ಟು ಹಗುರ ಅಂತ ನನಗೆ ಗೊತ್ತಿರಲಿಲ್ಲ,
ಮುಟ್ಟಿದ್ದರೆ ತಾನೆ.
ಬುಡದಲ್ಲಿ ಒಂದು ಹಾವಿನ ಪೊರೆ,
ಮತ್ತೆ ಹೋದ ವರ್ಷ ಕಾಣೆಯಾದ ಅತ್ತೆಯ ಅಡಕತ್ತರಿ.
ಅದಕ್ಕಾಗಿ ಬೈಸಿಕೊಂಡವಳು ನಾನು.
ಸೆರಗಲ್ಲಿ ಒರೆಸಿ ಅವರ ಮುಂದೆ ಇಟ್ಟೆ.
ಹೂಂ ಎಂದರು, ಅಷ್ಟೆ.

ಶನಿವಾರ ರಾತ್ರಿ ಬೇಲಿ ದಾಟಿ ಬಂತು ಹೊಗೆ,
ತುಪ್ಪ, ಪುದೀನ, ಹುರಿದ ಈರುಳ್ಳಿ, ಅದರಡಿಗೆ ಮಾವು.
ಅತ್ತೆ ಎದ್ದು ಕೂತು ಉದ್ದಕ್ಕೆ ಉಸಿರೆಳೆದರು.
ನನ್ನದು ಒಳ್ಳೆ ಉರಿಯುತ್ತಾ ಉಂಟು, ಎಂದರು
ಮಗ್ಗುಲು ಬದಲಿಸಿ.

ಸೋಮವಾರ ಆ ಕೊನೆ ಖಾಲಿ. ನೆಲದಲ್ಲಿ ಅಟ್ಟಿಯ ಅಳತೆಗೆ
ಬಿಳುಚಿದ ಮಣ್ಣು, ಆಳುದ್ದ.
ಅಲ್ಲಿಗೆ ಎಂತ ಇಡುವುದು ಅತ್ತೆ?
ಗೇರನ್ನೇ ಇಡು, ಮಳೆಗಾಲ ಕಳೆದರೆ ಒಣಗುತ್ತದೆ.
ಅದು ಒಣಗಿದರೂ ಹೊಗೆ ಜಾಸ್ತಿ...
ಆಗ ಕೆಮ್ಮುವುದು ನೀವು, ನಾನಲ್ಲ.

ಕೈಗಾಡಿ ಇನ್ನೂ ಬಾವಿಕಟ್ಟೆಗೆ ಒರಗಿಯೇ ಇತ್ತು.
ಸಿಂಬಿ ಎಲ್ಲಿಟ್ಟೆ ಅಂತ ಹುಡುಕಿದೆ.